ಪ್ರಶ್ನೆಗಳನ್ನು ತೆಗೆದ ಮೇಲೆ

ಮಗಳು ತೀರಿಕೊಂಡ ಮೇಲೆ ಅವಳ ಅಪಾರ್ಟ್‌ಮೆಂಟ್ ಖಾಲಿ ಮಾಡಿ ತಂದ ಸಾಮಾನಿನಲ್ಲಿ ನಮ್ಮದಲ್ಲದ ಒಂದು ಕಪ್ಪು ಚೀಲವಿತ್ತು. ಒಳಗೆ ಎರಡು ಕ್ಯಾಮೆರಾ, ತುಪ್ಪಳದ ಟೋಪಿ ಹಾಕಿದ ಒಂದು ಮೈಕು, ಸುತ್ತಿಟ್ಟ ವೈರುಗಳು, ಅಂಗೈಯಷ್ಟು ದೊಡ್ಡ ಒಂದು ಹಾರ್ಡ್ ಡಿಸ್ಕ್. ಎಲ್ಲದರ ಮೇಲೂ ಅವಳು ಪಾಠ ಮಾಡುತ್ತಿದ್ದ ಶಾಲೆಯ ಸ್ಟಿಕರ್ ಅಂಟಿಸಿತ್ತು. ಅವಳು ಹೋದದ್ದು ಜನವರಿಯಲ್ಲಿ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ನಾವು ಆಸ್ಪತ್ರೆ ತಲುಪುವ ಹೊತ್ತಿಗೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಚೀಲ ಮಾರ್ಚ್ ಮುಗಿಯುವವರೆಗೂ ನಮ್ಮ ಮನೆಯ ಕ್ಲಾಸೆಟ್ಟಿನಲ್ಲಿ ಕೋಟುಗಳ ಕೆಳಗೆ ಇತ್ತು.

ಶಾಲೆಯ ವೈಸ್ ಪ್ರಿನ್ಸಿಪಾಲರು ಫೋನು ಮಾಡಿ, ಅವಸರವೇನಿಲ್ಲ, ಅನುಕೂಲವಾದಾಗ ತಂದುಕೊಟ್ಟರೆ ಸಾಕು ಎಂದರು. ಅವರ ದನಿಯಲ್ಲಿ ಅವಸರವಿತ್ತು. ನಾನು ನ್ಯೂಜೆರ್ಸಿಯ ಪಾರ್ಸಿಪನಿ ಊರಿನ ಒಂದು ಶಾಲೆಯ ಕೆಫೆಟೀರಿಯಾದಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಸ್ಪ್ರಿಂಗ್ ರಜೆ ಬಂದ ವಾರ ಅವರಲ್ಲಿ ರಜೆ ಇರಲಿಲ್ಲ. ಆ ವಾರ ಹೋದೆ.

ನ್ಯೂಜೆರ್ಸಿ ಮುಗಿದು ನ್ಯೂಯಾರ್ಕ್ ರಾಜ್ಯ ಶುರುವಾಗುವ ಕಡೆ ಬೆಟ್ಟಗಳಿವೆ. ನಮ್ಮ ಮನೆಯಿಂದ ಹೈವೇ ಹಿಡಿದು ಉತ್ತರಕ್ಕೆ ಹೋದರೆ ಆಫೀಸುಗಳ ಗಾಜಿನ ಕಟ್ಟಡಗಳು ಹಿಂದೆ ಬಿದ್ದು, ಮರಗಳು ಹೆಚ್ಚಾಗುತ್ತಾ ಹೋಗುತ್ತವೆ. ಆ ಬೆಟ್ಟಗಳಲ್ಲಿ ಮೂಲನಿವಾಸಿಗಳ ಮನೆಗಳಿವೆ. ಬಿಳಿಯರು ಹಡಗಿನಲ್ಲಿ ಬರುವುದಕ್ಕೆ ಮುಂಚಿನಿಂದ ಅಲ್ಲೇ ಇರುವವರು. ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ಅವರು ನಮಗೆ ಇಷ್ಟು ಹತ್ತಿರ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಮಗಳು ಹೇಳಿದ ಮೇಲೆ ಗೊತ್ತಾದದ್ದು. ಅವರ ಮಕ್ಕಳು ಉಳಿದ ಮಕ್ಕಳು ಹೋಗುವ ಹೈಸ್ಕೂಲಿಗೇ ಹೋಗುತ್ತಾರೆ. ಒಂಬತ್ತನೆಯದೋ ಹತ್ತನೆಯದೋ ಆಗುವ ಹೊತ್ತಿಗೆ ಅರ್ಧ ಮಂದಿ ಬರುವುದನ್ನು ನಿಲ್ಲಿಸಿರುತ್ತಾರೆ.

"ಅಮ್ಮಾ, ಇವರು ಡ್ರಾಪ್ ಔಟ್ ಕೂಡ ಆಗಲ್ಲ," ಎಂದು ಮಗಳು ಒಮ್ಮೆ ಹೇಳಿದ್ದಳು. "ಒಂದಿನ ಬರಲ್ಲ, ಅಷ್ಟೇ. ಯಾರೂ ಏನೂ ಕೇಳಲ್ಲ."

ಅವಳು ಮೊದಲು ನ್ಯೂಯಾರ್ಕಿನಲ್ಲಿ ಒಂದು ಟಿವಿ ಕಂಪನಿಯಲ್ಲಿ ಎಡಿಟರ್ ಆಗಿದ್ದಳು. ಅದನ್ನು ಬಿಟ್ಟು ಈ ಶಾಲೆಗೆ ಸೇರಿದಾಗ ನಮ್ಮ ಮನೆಯವರಿಗೆ ಹಿಡಿಸಲಿಲ್ಲ.

"ಅಷ್ಟು ಓದಿಸಿ, ಈಗ ಮಕ್ಕಳಿಗೆ ಸಿನಿಮಾ ತೋರಿಸ್ಕೊಂಡು ಕೂತಿರ್ತಾಳಂತೆ," ಎಂದು ಊಟಕ್ಕೆ ಕೂತಾಗ ನನ್ನ ಕಡೆ ನೋಡಿ ಅಂದಿದ್ದರು.

"ತೋರಿಸಲ್ಲ ಅಪ್ಪಾ, ಮಾಡಿಸ್ತೀನಿ," ಎಂದಿದ್ದಳು ಮಗಳು. "ಬೇಕಾದ್ರೆ ನೀನೂ ಬಾ. ವಿಲನ್ ಪಾರ್ಟ್ ಖಾಲಿ ಇದೆ."

ಅವಳ ಉಪಾಯ ಸರಳವಾಗಿತ್ತು. ಕ್ಯಾಮೆರಾವನ್ನು ಮಕ್ಕಳು ಮನೆಗೆ ಒಯ್ಯಬಹುದು, ಯಾವಾಗ ಬೇಕಾದರೂ ಶೂಟ್ ಮಾಡಬಹುದು. ಆದರೆ ಎಡಿಟಿಂಗ್ ಶಾಲೆಯ ಕಂಪ್ಯೂಟರಿನಲ್ಲೇ ಆಗಬೇಕು. ಶೂಟ್ ಮಾಡಿದವರಿಗೆ ತಾವು ತೆಗೆದದ್ದನ್ನು ನೋಡುವ ಆಸೆ ಇರುತ್ತದೆ. ಅದಕ್ಕೆ ಶಾಲೆಗೆ ಬರುತ್ತಾರೆ. ಬಂದವರು ಉಳಿದ ಒಂದೆರಡು ಕ್ಲಾಸಿಗೂ ಕೂರುತ್ತಾರೆ. ಕೊನೆಗೆ ಫಿಲ್ಮು ಮುಗಿಸಿ ಕೊಟ್ಟರೆ ಇಂಗ್ಲಿಷ್ ವಿಷಯದಲ್ಲಿ ಪಾಸು. ಹಾಗೆಂದು ಶಾಲೆಯವರನ್ನು ಒಪ್ಪಿಸಿದ್ದಳು. ಎಲ್ಲರಿಗೂ ಒಂದೇ ವಿಷಯ ಕೊಟ್ಟಿದ್ದಳು: ನಿಮ್ಮ ಮನೆಯ ಒಬ್ಬ ಹಿರಿಯರನ್ನು ಕೂರಿಸಿಕೊಂಡು, ಅವರು ಶಾಲೆಗೆ ಹೋದ ಕೊನೆಯ ದಿನ ಏನಾಯಿತು ಎಂದು ಕೇಳಿ.

ವೈಸ್ ಪ್ರಿನ್ಸಿಪಾಲರು ಎತ್ತರದ, ಉದ್ದ ಕತ್ತಿನ ಹೆಂಗಸು. ಚೀಲ ತೆಗೆದುಕೊಂಡು, ಸಮಾಧಾನದ ಮಾತು ಹೇಳಿ, ನನ್ನನ್ನು ಕೂರಿಸಿದರು. ಬದಲಿಗೆ ಬಂದ ಟೀಚರು ಮಕ್ಕಳಿಗೆ ಯಾವುದೋ ಸಿನಿಮಾ ಹಾಕಿ ಕೂರಿಸುತ್ತಾರೆ, ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟಿದ್ದಾರೆ ಎಂದರು. ಅವರಲ್ಲಿ ಬೆಟ್ಟದ ಒಬ್ಬ ಹುಡುಗಿಯದು ಕೊನೆಯ ವರ್ಷ. ಫಿಲ್ಮು ಮೇ ಕೊನೆಯೊಳಗೆ ಕೊಟ್ಟರೆ ಜೂನಿನಲ್ಲಿ ಹೈಸ್ಕೂಲು ಮುಗಿಸುತ್ತಾಳೆ, ಕೊಡದಿದ್ದರೆ ಇಲ್ಲ. ಜನವರಿಯಿಂದ ಅವಳು ಶಾಲೆಯ ಕಡೆ ತಲೆ ಹಾಕಿಲ್ಲ.

"ನೀವೂ ಶಾಲೆಯಲ್ಲಿ ಕೆಲಸ ಮಾಡ್ತೀರಂತೆ. ನಿಮ್ಮ ಮಗಳು ಹೇಳ್ತಿದ್ದಳು," ಎಂದರು. ಆಮೇಲೆ, "ಹಾಗಿದ್ರೆ ಬೆರಳಚ್ಚು ಕೊಟ್ಟಿರ್ತೀರಲ್ಲ?" ಎಂದು ಕೇಳಿದರು.

ಇಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರು ಯಾರೇ ಆಗಲಿ ಮೊದಲು ಬೆರಳಚ್ಚು ಕೊಟ್ಟು, ಮೇಲೆ ಯಾವ ಕೇಸೂ ಇಲ್ಲ ಎನ್ನಿಸಿಕೊಳ್ಳಬೇಕು. ಕೊಟ್ಟಿದ್ದೇನೆ ಎಂದೆ. ಮಧ್ಯಾಹ್ನದ ಮೇಲೆ ವಾರಕ್ಕೆ ಒಂದೆರಡು ದಿನ ಮಕ್ಕಳು ಎಡಿಟ್ ಮಾಡುವ ಕೋಣೆಯಲ್ಲಿ ಕೂರಲು ಸಾಧ್ಯವೇ ಎಂದು ಕೇಳಿದರು. ದೊಡ್ಡವರು ಒಬ್ಬರು ಇದ್ದರೆ ಮಾತ್ರ ಶಾಲೆ ಬಿಟ್ಟ ಮೇಲೆ ಕೋಣೆ ತೆರೆದಿಡಬಹುದಂತೆ.

"ನನಗೆ ಫಿಲ್ಮಿನ ವಿಷಯ ಏನೂ ಬರಲ್ಲ," ಎಂದೆ.

"ಅದು ಮಕ್ಕಳಿಗೆ ಬರುತ್ತೆ. ನೀವು ಕೂತಿದ್ರೆ ಸಾಕು."

ಒಪ್ಪಿಕೊಂಡೆ. ನನ್ನ ಕೆಲಸ ಎರಡಕ್ಕೆ ಮುಗಿಯುತ್ತದೆ. ಅಲ್ಲಿಂದ ಸಂಜೆ ಇವರು ಬರುವವರೆಗೆ ಮನೆಯಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ.

ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ಸಲ ಹೋದಾಗ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ವೈಸ್ ಪ್ರಿನ್ಸಿಪಾಲರು ಹೇಳಿದ್ದ ಕೊನೆಯ ವರ್ಷದವಳು, ಚೀಲ ವಾಪಸು ಬಂದ ಸುದ್ದಿ ಕೇಳಿ ಬಂದಿದ್ದಳು. ಗಿಡ್ಡ, ಗಟ್ಟಿ ಮೈಕಟ್ಟು, ಮೊಣಕಾಲಿನವರೆಗೆ ಬರುವ ದೊಡ್ಡ ಸ್ವೆಟ್‌ಶರ್ಟು. ಒಳಗೆ ಬರಲಿಲ್ಲ. ನಮ್ಮ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷು ಹಾಗೂ ಹೀಗೂ. ಇಲ್ಲಿ ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ.

"ಡಿಸ್ಕ್ ಎಲ್ಲಿ?" ಎಂದಳು.

ಮೇಜಿನ ಮೇಲೆ ತೋರಿಸಿದೆ.

"ಕೆಟ್ಟಿಲ್ಲ ತಾನೆ? ಯಾರೂ ಡಿಲೀಟ್ ಮಾಡಿಲ್ಲ ತಾನೆ?"

"ನಾನಂತೂ ಮುಟ್ಟಿಲ್ಲ. ಕ್ಲಾಸೆಟ್ಟಲ್ಲಿ ಕೋಟಿನ ಕೆಳಗಿತ್ತು."

ಅವಳು ಒಳಗೆ ಬಂದು ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಎಲ್ಲ ಇದೆ ಎಂದು ಖಾತ್ರಿಯಾದ ಮೇಲೆ ಉಸಿರುಬಿಟ್ಟು, ನನ್ನನ್ನು ಸರಿಯಾಗಿ ನೋಡಿದಳು. "ನೀವು ಅಮ್ಮ ಅಲ್ವಾ? ಮಿಸ್ ಫೋನಲ್ಲಿ ಮಾತಾಡ್ತಿದ್ರು. ಅಮ್ಮ, ಐ ಆಮ್ ಇನ್ ಕ್ಲಾಸ್. ಅಮ್ಮ, ಐ ಹ್ಯಾಡ್ ಲಂಚ್. ದಿನಾ ಅದೇ." ಅದು ನನ್ನ ಹೆಸರು ಎಂದು ಅವಳು ತಿಳಿದಿದ್ದಳು. ಹೌದು ಎಂದೆ.

ಅವಳು ಆರಿಸಿಕೊಂಡಿದ್ದ ಹಿರಿಯರು ಅವಳ ತಾಯಿಯ ಅಪ್ಪ. ಅವಳನ್ನು ಬೆಳೆಸಿದವರು ಅವರೇ. ನವೆಂಬರಿನಲ್ಲಿ ನನ್ನ ಮಗಳೂ ಜೊತೆಗೆ ಹೋಗಿ, ಹೇಗೆ ಕೇಳಬೇಕೆಂದು ತೋರಿಸಿಕೊಡಲು ತಾನೇ ಪ್ರಶ್ನೆ ಕೇಳಿದ್ದಳು. ಹುಡುಗಿ ಕ್ಯಾಮೆರಾ ಹಿಡಿದಿದ್ದಳು. ಈಗ ಕಂಪ್ಯೂಟರಿನಲ್ಲಿ ಆ ವಿಡಿಯೋ ಹಾಕಿದಳು. ಪರದೆಯ ಮೇಲೆ ಚೌಕುಳಿ ಅಂಗಿಯ ಒಬ್ಬ ಮುದುಕ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಮುಖ ಕಾಣುವುದಕ್ಕೆ ಮೊದಲೇ ನನ್ನ ಮಗಳ ದನಿ ಕೇಳಿಸಿತು. ಕ್ಯಾಮೆರಾ ನೋಡಬೇಡಿ, ನನ್ನನ್ನು ನೋಡಿ ಎನ್ನುತ್ತಿದ್ದಳು. ಮೂಗು ಕಟ್ಟಿತ್ತು. ಆ ವಾರ ಅವಳಿಗೆ ನೆಗಡಿಯಾಗಿದ್ದು ನನಗೆ ನೆನಪಿತ್ತು. ಕಷಾಯದ ಪುಡಿ ಕಳಿಸಿದ್ದೆ.

ಹುಡುಗಿ ತಕ್ಷಣ ನಿಲ್ಲಿಸಿದಳು. "ಸಾರಿ. ಆಫ್ ಮಾಡ್ಲಾ?"

"ಬೇಡ. ನಡೀಲಿ," ಎಂದೆ.

ಪೂರ್ತಿ ನೋಡಿದೆವು. ಅಜ್ಜ ಬೆಟ್ಟದ ಬಗ್ಗೆ, ಜಿಂಕೆಗಳ ಬಗ್ಗೆ, ತಾವು ರಿಪೇರಿ ಮಾಡಿದ ಟ್ರಕ್ಕುಗಳ ಬಗ್ಗೆ ಹೇಳಿದರು. ಶಾಲೆಯ ಕೊನೆಯ ದಿನದ ಬಗ್ಗೆ ಮಗಳು ಕೇಳಿದಾಗಲೆಲ್ಲ ಮತ್ತೊಂದು ಟ್ರಕ್ಕಿನ ಕತೆ ತೆಗೆದರು. ಅವಳು ಬೇರೆ ಬೇರೆ ರೀತಿಯಲ್ಲಿ ಕೇಳಿದಳು. ಅವರು ಬೇರೆ ಬೇರೆ ಟ್ರಕ್ಕು ಹೇಳಿದರು.

ಫಿಲ್ಮು ಮುಗಿಯದೆ ನಿಂತಿದ್ದಕ್ಕೆ ಎರಡು ಕಾರಣಗಳಿದ್ದವು. ಒಂದು, ಅಜ್ಜ ಉತ್ತರ ಕೊಟ್ಟಿರಲಿಲ್ಲ. ಇನ್ನೊಂದನ್ನು ಹುಡುಗಿ ಆ ದಿನ ಹೇಳಲಿಲ್ಲ, ಮುಂದಿನ ವಾರ ಹೇಳಿದಳು. ಕೇಳುವವರ ದನಿ ಫಿಲ್ಮಿನಲ್ಲಿ ಇರಬಾರದು ಎಂಬುದು ಮಗಳು ಮಾಡಿದ ನಿಯಮ. ಮಾತಾಡುವವರು ತಾವಾಗಿಯೇ ಮಾತಾಡುತ್ತಿದ್ದಾರೆ ಎನ್ನಿಸಬೇಕು. ಎಡಿಟ್ ಮಾಡುವಾಗ ಪ್ರಶ್ನೆಗಳನ್ನೆಲ್ಲ ತೆಗೆದುಹಾಕಬೇಕು.

"ನಾನು ತೆಗೆಯಲ್ಲ," ಎಂದಳು ಹುಡುಗಿ. "ಮಿಸ್ ಇದ್ದಿದ್ರೆ ಬೈಕೊಂಡು ತೆಗೀತಿದ್ದೆ. ಈಗ ಆಗಲ್ಲ."

ಮೊದಲು ಅಜ್ಜನ ಉತ್ತರ ತೆಗೆದುಕೊಂಡು ಬರುವುದು ಎಂದಷ್ಟೇ ತೀರ್ಮಾನಿಸಿದೆವು. ಈ ಸಲ ಕೇಳುವವಳು ಅವಳೇ. ನನ್ನನ್ನೂ ಬರಲು ಹೇಳಿದಳು. ಹೋಗುವಾಗ ಹೊಗೆಸೊಪ್ಪು ತೆಗೆದುಕೊಂಡು ಹೋಗಬೇಕು ಎಂದಳು. ಹಿರಿಯರನ್ನು ಏನಾದರೂ ಕೇಳುವ ಮೊದಲು ಹೊಗೆಸೊಪ್ಪು ಕೊಡುವುದು ಅವರಲ್ಲಿ ರೂಢಿ. ಮೊಮ್ಮಗಳಾದರೂ ಕೊಡಬೇಕು. ಇಲ್ಲಿ ಅದನ್ನು ಕೊಳ್ಳಲು ಬೇಕಾದ ವಯಸ್ಸು ಅವಳಿಗೆ ಇನ್ನೂ ಆಗಿರಲಿಲ್ಲವಾದ್ದರಿಂದ ಅಂಗಡಿಯಲ್ಲಿ ಕೊಡುವುದಿಲ್ಲ. ನೀವು ತನ್ನಿ ಎಂದಳು. ಇದು ನನಗೆ ತಕ್ಷಣ ಅರ್ಥವಾಯಿತು ಎಂದುಕೊಂಡೆ. ದಾವಣಗೆರೆಯಲ್ಲಿ ನನ್ನ ಅಜ್ಜಿ ಸಂಚಿ ಇಟ್ಟುಕೊಂಡು, ಬಂದವರಿಗೆಲ್ಲ ಎಲೆ ಅಡಿಕೆ ಹೊಗೆಸೊಪ್ಪು ಕೊಟ್ಟ ಮೇಲೆಯೇ ಮಾತು ಶುರು ಮಾಡುತ್ತಿದ್ದಳು.

ಆ ದಿನಗಳಲ್ಲಿ ನಾವು ದಿನಸಿಗೆ ಹತ್ತಿರದ ಇಂಡಿಯನ್ ಅಂಗಡಿಗೆ ಹೋಗುತ್ತಿರಲಿಲ್ಲ. ಅಲ್ಲಿ ಗುರುತಿನವರು ಸಿಗುತ್ತಾರೆ. ಬೇಳೆಯ ಸಾಲಿನಲ್ಲಿ ಯಾರಾದರೂ ಕೈ ಹಿಡಿದುಕೊಂಡು ಅಳುತ್ತಾರೆ. ಅದಕ್ಕಾಗಿ ಎರಡು ಸೇತುವೆ ದಾಟಿ ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ಗೆ ಹೋಗುತ್ತಿದ್ದೆವು. ಆ ಭಾನುವಾರ ದಿನಸಿ ಮುಗಿಸಿ ನಾನು ಒಂದು ಪಾನ್ ಅಂಗಡಿಯ ಮುಂದೆ ನಿಂತೆ.

"ಏನ್ರೀ, ತಿನ್ನೋ ಹೊಗೆಸೊಪ್ಪಿಗೆ ಹಿಂದೀಲಿ ಏನಂತಾರೆ?" ಎಂದೆ.

ಇವರು ಚೀಲಗಳನ್ನು ಕೆಳಗಿಟ್ಟರು. "ಯಾವಾಗಿಂದ ಶುರು ಮಾಡ್ಕೊಂಡೆ?"

"ನನಗಲ್ಲ. ಆ ಹುಡುಗಿ ಅಜ್ಜನಿಗೆ."

"ಆಯಪ್ಪ ಕಡ್ಡಿಪುಡಿ ಹಾಕ್ತಾನಾ?"

"ಅವರ ಪದ್ಧತಿಯಂತೆ. ಹೇಳ್ರೀ ಸುಮ್ನೆ."

ಹೇಳಿದರು. ಅಂಗಡಿಯವನು ಒಂದು ಸಣ್ಣ ಡಬ್ಬಿ ಕೊಟ್ಟ. ಬರೀ ಹೊಗೆಸೊಪ್ಪು ಹಿಡಿದುಕೊಂಡು ಒಬ್ಬರ ಮನೆಗೆ ಹೋಗುವುದು ಹೇಗೆ ಎನ್ನಿಸಿ, ವೀಳ್ಯದೆಲೆ, ಅಡಿಕೆ, ಸುಣ್ಣ, ಒಂದಷ್ಟು ಬಾಳೆಹಣ್ಣು ತೆಗೆದುಕೊಂಡೆ. ಕಾರಿನಲ್ಲಿ ಕೂತ ಮೇಲೆ ಅನುಮಾನ ಬಂತು. ಮಗಳು ಹೋಗಿ ವರ್ಷ ತುಂಬಿಲ್ಲ, ತಾಂಬೂಲ ಕೊಡಬಹುದೇ?

"ಅವರಿಗೇನು ಗೊತ್ತಾಗುತ್ತೆ?" ಎಂದರು ಇವರು.

"ನನಗೆ ಗೊತ್ತಲ್ಲ."

ಸೇತುವೆಯ ಮೇಲೆ ಟ್ರಾಫಿಕ್ ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಇವರು, "ಕಾಯಿ ಕುಂಕುಮ ಇಡಬೇಡ. ಬರೀ ಎಲೆ ಅಡಿಕೆ ಅಂದ್ರೆ ಬಾಯಿ ರುಚಿಗೆ ಕೊಟ್ಟ ಹಾಗೆ. ನಡೆಯುತ್ತೆ," ಎಂದರು. ನಾನು ಆ ಶಾಲೆಗೆ ಹೋಗಿಬರುವುದನ್ನು ಒಪ್ಪಿಕೊಂಡಂತೆ ಅವರು ಆಡಿದ ಮೊದಲ ಮಾತು ಅದು.

ಅಜ್ಜನ ಮನೆ ಬೆಟ್ಟದ ರಸ್ತೆಯ ತಿರುವಿನಲ್ಲಿತ್ತು. ಅಂಗಳದಲ್ಲಿ ಬಾನೆಟ್ ತೆಗೆದ ಒಂದು ಟ್ರಕ್ಕು ನಿಂತಿತ್ತು. ನಾನು ಸ್ಟೀಲಿನ ತಟ್ಟೆಯಲ್ಲಿ ಎಲ್ಲ ಜೋಡಿಸಿ ಮೇಲೆ ಬಟ್ಟೆ ಮುಚ್ಚಿಕೊಂಡು ಹೋಗಿದ್ದೆ. ಹುಡುಗಿ ಕ್ಯಾಮೆರಾ ನಿಲ್ಲಿಸಿ, ಮೈಕು ಕಟ್ಟಿ, ನನ್ನ ಕಡೆ ಸನ್ನೆ ಮಾಡಿದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು ಬಟ್ಟೆ ತೆಗೆದೆ. ಅಜ್ಜ ಎಲ್ಲವನ್ನೂ ಒಂದೊಂದಾಗಿ ನೋಡಿ, ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು. ಸೀನು ಶುರುವಾಯಿತು. ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು.

"ಇದೇನು? ಸುಡೋದಾ, ತಿನ್ನೋದಾ, ಇಲ್ಲ ಇಂಜಿನ್‌ಗೆ ಹಾಕೋದಾ?"

ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಅಮ್ಮಾ! ಹೊಗೆಸೊಪ್ಪು ಅಂದ್ರೆ ಬರೀ ಒಣಗಿದ ಸೊಪ್ಪು! ನಾವು ಅದನ್ನ ಬೆಂಕಿಗೆ ಹಾಕ್ತೀವಿ. ಪ್ರಾರ್ಥನೆಗೆ. ಇದಕ್ಕೆ ಸೆಂಟು ಹಾಕಿದ್ದಾರೆ!"

"ನಮ್ಮಲ್ಲಿ ಎಲೆ ಜೊತೆ ಬಾಯಿಗೆ ಹಾಕ್ಕೋತಾರೆ," ಎಂದೆ.

"ಇದನ್ನ ಬೆಂಕಿಗೆ ಹಾಕಿದ್ರೆ ದೇವರೂ ಸೀನ್ತಾನೆ," ಎಂದರು ಅಜ್ಜ. "ಈ ಎಲೆ ಯಾವುದು? ಹೇಗೆ ತಿನ್ನೋದು ತೋರಿಸು."

ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿಕೊಟ್ಟೆ. ಡಬ್ಬಿಯನ್ನು ದೂರ ಸರಿಸಿದೆ. ಅವರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಕೆಟ್ಟದಾಗಿದೆ ಎನ್ನಲಿಲ್ಲ. ಚೆನ್ನಾಗಿದೆ ಎಂದೂ ಅನ್ನಲಿಲ್ಲ. ಆಮೇಲೆ, "ಅಮ್ಮ ಅಂದ್ರೇನು, ನಿನ್ನ ಹೆಸರಾ?" ಎಂದು ಕೇಳಿದರು.

"ತಾಯಿ ಅಂತ."

ಹುಡುಗಿ ಮುಖದಿಂದ ಕೈ ತೆಗೆದಳು. "ಇಷ್ಟು ದಿನ ನಾನು ನಿಮ್ಮನ್ನ ಮಾಮ್ ಅಂತಿದ್ನಾ? ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಅಜ್ಜ ನಕ್ಕರು. ನಗುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ನಿನ್ನ ಮಗಳು ಬಂದಾಗ ಸರಿಯಾದ ಹೊಗೆಸೊಪ್ಪು ತಂದಿದ್ದಳು. ಕೆಂಪು ಬಟ್ಟೇಲಿ ಕಟ್ಟಿಕೊಂಡು. ಎಲ್ಲ ಕಲ್ತುಕೊಂಡು ಬಂದಿದ್ದಳು. ಒಳ್ಳೇ ಹುಡುಗಿ. ಆದರೆ ನಾನು ಹೇಳ್ಲಿಲ್ಲ. ಅವಳಿಗೆ ಶಾಲೆ ಇಷ್ಟ ಇತ್ತು. ಶಾಲೆ ಇಷ್ಟ ಇದ್ದವರಿಗೆ ಇದನ್ನ ಹೇಗೆ ಹೇಳೋದು?" ಎಂದರು. ಆಮೇಲೆ, "ನೀನು? ನಿನ್ನ ಕೊನೇ ದಿನ ಯಾವುದು? ಮೊದಲು ನೀನು ಹೇಳು."

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಮಗಳೂ ಕೇಳಿರಲಿಲ್ಲ. ನನಗೆ ತಿಳಿದ ಇಂಗ್ಲಿಷಿನಲ್ಲಿ ಹೇಳಿದೆ. ಪಿಯುಸಿ ಎರಡನೆಯ ವರ್ಷದಲ್ಲಿ ನನ್ನ ತಾಯಿಗೆ ಪಾರ್ಶ್ವವಾಯು ಬಡಿಯಿತು. ನಾನು ಹಿರಿಯವಳು. ಆವತ್ತು ಬೆಳಿಗ್ಗೆ ಕಾಲೇಜಿಗೆ ಹೋಗಿ, ಸಂಜೆ ಬಂದಾಗ ಮನೆಯ ಮುಂದೆ ಜನ ಇದ್ದರು. ಮಾರನೆಯ ದಿನದಿಂದ ಅಡುಗೆ ಮಾಡಿದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನನ್ನ ಬಿಳಿ ಕೋಟು ಮೊಳೆಗೆ ತೂಗುಹಾಕಿ ಬಂದಿದ್ದೆ, ತರಲು ಹೋಗಲೇ ಇಲ್ಲ. ಅದು ಕೊನೆಯ ದಿನ ಎಂದು ಆವತ್ತು ಗೊತ್ತಿರಲಿಲ್ಲ.

"ಯಾರಿಗೂ ಗೊತ್ತಿರಲ್ಲ," ಎಂದರು ಅಜ್ಜ.

ಹುಡುಗಿ ಆಗ ತನ್ನ ಪ್ರಶ್ನೆ ಕೇಳಿದಳು. ಅವರು ಅವಳ ಕಡೆ ನೋಡಿ ಹೇಳಿದರು. ಎಂಟನೆಯ ಕ್ಲಾಸಿನಲ್ಲಿ ಚರಿತ್ರೆಯ ಪಾಠ. ಈ ಬೆಟ್ಟಗಳಲ್ಲಿ ಹಿಂದೆ ಮೂಲನಿವಾಸಿಗಳು ಇದ್ದರು, ಈಗ ಯಾರೂ ಉಳಿದಿಲ್ಲ ಎಂದು ಪುಸ್ತಕದಲ್ಲಿತ್ತು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. ಅಜ್ಜ ಕೈ ಎತ್ತಿ, ನಾನಿದ್ದೇನೆ ಎಂದರು. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಕೂತುಕೋ ಎಂದು ಮುಂದಿನ ಸಾಲು ಓದಿದರು. ಮಾರನೆಯ ದಿನ ಅಜ್ಜ ಬಸ್ಸು ಹತ್ತಿ, ಶಾಲೆಯ ಮುಂದೆ ಇಳಿದು, ಒಳಗೆ ಹೋಗದೆ ಎದುರಿನ ಗ್ಯಾರೇಜಿಗೆ ನಡೆದರು. ಅಲ್ಲಿ ಸ್ಪ್ಯಾನರ್ ಎತ್ತಿಕೊಡುವ ಕೆಲಸ ಸಿಕ್ಕಿತು.

"ಶಾಲೆಯಿಂದ ಯಾರೂ ಕರೆಯೋಕೆ ಬರ್ಲಿಲ್ವಾ?" ಎಂದಳು ಹುಡುಗಿ.

"ಇಲ್ಲ ಅಂತ ಪುಸ್ತಕದಲ್ಲೇ ಬರೆದ ಮೇಲೆ, ಯಾರನ್ನ ಹುಡುಕ್ಕೊಂಡು ಬರ್ತಾರೆ?"

ಅವರು ಎಲೆಯ ಚರಟ ಉಗುಳಲು ಎದ್ದು ಹೊರಗೆ ಹೋದರು. ಬಂದು ಕೂತ ಮೇಲೆ ಹುಡುಗಿ ಎಲ್ಲರೂ ಸುಮ್ಮನಿರಬೇಕು ಎಂದಳು. ಏನಾದರೂ ತಪ್ಪಾಯಿತೇ ಎಂದು ಕೇಳಿದೆ. ಇಲ್ಲ, ಕೋಣೆಯ ಸದ್ದು ಹಿಡಿಯಬೇಕು ಎಂದಳು. ಯಾವ ಜಾಗದಲ್ಲಿ ಶೂಟ್ ಮಾಡಿದರೂ ಕೊನೆಗೆ ಯಾರೂ ಮಾತಾಡದೆ ಆ ಜಾಗದ ಬರೀ ಸದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತಾರಂತೆ. ಎಡಿಟ್ ಮಾಡುವಾಗ ಒಂದು ಮಾತು ತೆಗೆದರೆ ಅಲ್ಲಿ ತೂತು ಬೀಳುತ್ತದೆ. ಖಾಲಿ ಬಿಟ್ಟರೆ ಸ್ಪೀಕರ್ ಕೆಟ್ಟ ಹಾಗೆ ಕೇಳಿಸುತ್ತದೆ. ಆ ತೂತಿಗೆ ಕೋಣೆಯ ಸದ್ದು ತುಂಬಬೇಕು. ನಾವು ಮೂವರೂ ಸುಮ್ಮನಾದೆವು. ಫ್ರಿಜ್ಜು ಗುರುಗುಟ್ಟುತ್ತಿತ್ತು. ದೂರದಲ್ಲಿ ಯಾರೋ ಮರ ಕೊಯ್ಯುತ್ತಿದ್ದರು. ಮೇಜಿನ ಕೆಳಗೆ ನಾಯಿ ಮಗ್ಗುಲು ಬದಲಿಸಿತು. ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಅಲುಗಾಡದೆ ನಿಂತಿದ್ದಳು. ಶಾಲೆಯಲ್ಲಿ ಅವಳು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ಯಾರೂ ನೋಡಿಲ್ಲ ಎಂದು ಅಜ್ಜ ಆಮೇಲೆ ಹೇಳಿದರು.

ಉತ್ತರ ಸಿಕ್ಕಿತು. ಆದರೂ ಫಿಲ್ಮು ಮುಂದೆ ಹೋಗಲಿಲ್ಲ. ಹೊಸದಾಗಿ ಶೂಟ್ ಮಾಡಿದ್ದರಲ್ಲಿ ತನ್ನ ದನಿಯನ್ನೂ ನನ್ನ ಕತೆಯನ್ನೂ ಅವಳು ಒಂದೇ ಮಧ್ಯಾಹ್ನದಲ್ಲಿ ತೆಗೆದುಹಾಕಿದಳು. ನವೆಂಬರಿನ ಹಳೆಯದನ್ನು ಮುಟ್ಟಲಿಲ್ಲ. ಬೆಟ್ಟ, ಜಿಂಕೆ, ಟ್ರಕ್ಕು ಎಲ್ಲ ಅದರಲ್ಲೇ ಇದ್ದವು. ಅವು ಇಲ್ಲದೆ ಕೊನೆಯ ಕತೆ ನಿಲ್ಲುವುದಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಬಂದು ಕೂತು, ಹೆಡ್‌ಫೋನ್ ಹಾಕಿಕೊಂಡು, ಮಗಳ ದನಿ ಕೇಳಿ, ಕಂಪ್ಯೂಟರ್ ಮುಚ್ಚಿ ಹೋಗುತ್ತಿದ್ದಳು. ಮೇ ತಿಂಗಳು ಮುಗಿಯುತ್ತಾ ಬಂತು. ವೈಸ್ ಪ್ರಿನ್ಸಿಪಾಲರು ಬಾಗಿಲ ಗಾಜಿನಿಂದ ಇಣುಕಿ ಹೋಗುತ್ತಿದ್ದರು. ಇನ್ನು ಒಂದು ವಾರವಿದೆ ಎನ್ನುವಾಗ ಹುಡುಗಿ ಬರಲಿಲ್ಲ. ನಾನು ಕಾರು ತೆಗೆದುಕೊಂಡು ಬೆಟ್ಟಕ್ಕೆ ಹೋದೆ. ಅವಳು ಟ್ರಕ್ಕಿನ ಹಿಂಭಾಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.

"ನಿಮಗೇನು? ನೀವು ಯಾಕೆ ಬಂದ್ರಿ?" ಎಂದಳು.

"ಕರೆಯೋಕೆ."

"ಯಾರು ಕಳಿಸಿದ್ರು? ಆ ಉದ್ದ ಕತ್ತಿನವರಾ?"

"ಯಾರೂ ಕಳಿಸಿಲ್ಲ."

ನಾನೂ ಪಕ್ಕದಲ್ಲಿ ಹತ್ತಿ ಕೂತೆ. ಟ್ರಕ್ಕು ಎತ್ತರವಾಗಿತ್ತು, ಸೀರೆಯಲ್ಲಿ ಹತ್ತುವುದು ಸುಲಭವಾಗಲಿಲ್ಲ.

"ನಾನು ಕಟ್ ಮಾಡಿದ್ರೆ ಅಲ್ಲಿ ಯಾರೂ ಕೇಳೇ ಇಲ್ಲ ಅನ್ನೋ ಹಾಗಾಗುತ್ತೆ," ಎಂದಳು. "ಮಿಸ್ ಅಲ್ಲಿ ಇರಲೇ ಇಲ್ಲ ಅನ್ನೋ ಹಾಗೆ. ಅಜ್ಜನ ಪುಸ್ತಕದ ಹಾಗೆ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ಹೇಳಿದೆ: "ಪುಸ್ತಕದವರು ನಿಮ್ಮನ್ನ ಕೇಳದೆ ತೆಗೆದರು. ಇದು ಅವಳೇ ಹೇಳಿಕೊಟ್ಟಿದ್ದು. ನೀನು ತೆಗೀತೀಯ ಅಂತ ಗೊತ್ತಿದ್ದೇ ಮಾತಾಡಿದ್ದಾಳೆ."

"ನಿಮಗೆ ಪರವಾಗಿಲ್ವಾ?"

"ಸಂಕಟ ಆಗುತ್ತೆ," ಎಂದೆ. "ಪಕ್ಕದಲ್ಲಿ ಕೂತಿರ್ತೀನಿ. ಒಂದೊಂದೇ ತೆಗಿ. ತೆಗೆಯೋ ಮುಂಚೆ ನನಗೆ ಕೇಳಿಸು."

ಹಾಗೆಯೇ ಮಾಡಿದೆವು. ಆ ವಾರ ನಾನು ಊಟ ಬಡಿಸಿ ಮುಗಿದ ಕೂಡಲೇ ದಿನವೂ ಹೋದೆ. ಹೆಡ್‌ಫೋನಿನ ಒಂದು ಕಿವಿ ಅವಳಿಗೆ, ಒಂದು ನನಗೆ. ಮಗಳು ಒಂದು ಪ್ರಶ್ನೆ ಕೇಳುತ್ತಾಳೆ. ಹುಡುಗಿ ನನ್ನ ಕಡೆ ನೋಡುತ್ತಾಳೆ. ನಾನು ತಲೆಯಾಡಿಸುತ್ತೇನೆ. ಅವಳು ಆ ತುಂಡನ್ನು ತೆಗೆದು ಆ ಜಾಗಕ್ಕೆ ಕೋಣೆಯ ಸದ್ದು ತುಂಬುತ್ತಾಳೆ. ನವೆಂಬರಿನ ದಿನ ಹಿಡಿದಿಟ್ಟಿದ್ದ ಸದ್ದು ಬೇರೆ ಇತ್ತು. ಅದರಲ್ಲಿ ಹೀಟರಿನ ಸದ್ದಿತ್ತು, ನಡುವೆ ಒಂದು ಸಲ ಯಾರೋ ಮೂಗು ಎಳೆದುಕೊಂಡದ್ದು ಕೇಳಿಸಿತು. ಹುಡುಗಿ ಆ ಕಡೆಯ ತುಂಡು ಬಿಟ್ಟು ಬೇರೆ ಕಡೆಯಿಂದ ತೆಗೆದುಕೊಂಡಳು. ತೆಗೆದ ಮೇಲೆ ಮತ್ತೆ ಹಾಕಿ ಕೇಳಿಸುತ್ತಿದ್ದಳು. ಅಜ್ಜ ತಾವಾಗಿಯೇ ಮಾತಾಡಿದಂತೆ ಇರುತ್ತಿತ್ತು. ಮಗಳ ಕೆಲಸ ಏನೆಂಬುದು ನನಗೆ ತಿಳಿದದ್ದು ಆಗ.

ಒಂದು ಕಡೆ ಮಾತ್ರ ಕಷ್ಟವಾಯಿತು. ಅಜ್ಜ ಒಂದು ಟ್ರಕ್ಕಿನ ಕತೆ ಹೇಳುವಾಗ, ಅವರ ಮಾತು ಮುಗಿಯುವುದಕ್ಕೆ ಮೊದಲೇ ಮಗಳು ನಕ್ಕುಬಿಟ್ಟಿದ್ದಳು. ನಗು ಅವರ ಮಾತಿನ ಮೇಲೆಯೇ ಬಿದ್ದಿತ್ತು. ಅದನ್ನು ತೆಗೆದರೆ ಅವರ ವಾಕ್ಯದ ಕೊನೆ ಹೋಗುತ್ತದೆ.

"ಅದನ್ನೂ ತೆಗಿ," ಎಂದೆ. "ನಿಯಮ ನಿಯಮವೇ."

"ತೆಗೆಯಲ್ಲ," ಎಂದಳು. "ಅಜ್ಜನ ಮಾತು ಕೆಡುತ್ತೆ. ಕತೆಯ ಮಜಾ ಇರೋದೇ ಕೊನೇಲಿ."

"ಮಿಸ್ ಇದ್ದಿದ್ರೆ ಬೈತಿದ್ದಳು."

"ಬೈಲಿ. ಫಿಲ್ಮ್ ನಂದು."

ನಗು ಹಾಗೆಯೇ ಉಳಿಯಿತು. ಫಿಲ್ಮನ್ನು ಅವಳು ಕೊಡಬೇಕಾದ ದಿನವೇ ಕೊಟ್ಟಳು.

ಫಿಲ್ಮು ತೋರಿಸಿದ್ದು ಜೂನಿನ ಮೊದಲ ವಾರ, ಬೆಳಿಗ್ಗೆ, ಶಾಲೆಯ ಲೈಬ್ರರಿಯಲ್ಲಿ. ನಾನು ರಜೆ ಹಾಕಿದ್ದೆ. ನಮ್ಮ ಮನೆಯವರೂ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ ಬಂದು, ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತರು. ಅಜ್ಜ ಓದಿದ ಕಟ್ಟಡ ಇದಲ್ಲ, ಅದನ್ನು ಯಾವತ್ತೋ ಕೆಡವಿದ್ದಾರೆ. ಆದರೂ ಶಾಲೆ ಎಂಬುದರ ಒಳಗೆ ಅವರು ಕಾಲಿಟ್ಟದ್ದು ಎಂಟನೆಯ ಕ್ಲಾಸಿನ ಮೇಲೆ ಅದೇ ಮೊದಲು. ಮೊಮ್ಮಗಳ ಟೀಚರುಗಳ ಜೊತೆ ಮಾತಾಡುವುದಿದ್ದರೂ ಬಾಗಿಲ ಹೊರಗೆ ಟ್ರಕ್ಕಿನಲ್ಲೇ ಕೂತು ಮಾತಾಡುತ್ತಿದ್ದರಂತೆ. ಶಾಲೆಯ ಮುಂಬಾಗಿಲ ಕೌಂಟರಿನಲ್ಲಿ ಕೂತ ಹೆಂಗಸು ಎಲ್ಲರನ್ನೂ ಕೇಳುವಂತೆ, ಯಾವ ಕೆಲಸಕ್ಕೆ ಬಂದಿದ್ದೀರಿ ಎಂದು ಕೇಳಿದರು.

"ಕ್ಲಾಸಿಗೆ," ಎಂದರು ಅಜ್ಜ. "ಸ್ವಲ್ಪ ಲೇಟಾಯ್ತು."

ಆ ಹೆಂಗಸು ನಗಬೇಕೋ ಬೇಡವೋ ತಿಳಿಯದೆ ಅವರ ಅಂಗಿಗೆ ವಿಸಿಟರ್ ಸ್ಟಿಕರ್ ಅಂಟಿಸಿದರು.

ಫಿಲ್ಮು ಚಿಕ್ಕದು. ಕತ್ತಲೆ ಕೋಣೆಯಲ್ಲಿ ಅಜ್ಜ ತಮ್ಮದೇ ಮುಖವನ್ನು ಕೈಕಟ್ಟಿಕೊಂಡು ನೋಡಿದರು. ಟ್ರಕ್ಕಿನ ಕತೆಗೆ ಎಲ್ಲರೂ ನಕ್ಕರು, ಮಗಳ ನಗು ಆ ನಗುವಿನಲ್ಲಿ ಸೇರಿ ಯಾರಿಗೂ ಬೇರೆಯಾಗಿ ಕೇಳಿಸಲಿಲ್ಲ. ನಮ್ಮ ಮನೆಯವರು ಮಾತ್ರ ಹಿಂದಿನ ಸಾಲಿನಲ್ಲಿ ತಲೆ ಎತ್ತಿದರು. ಎಂಟನೆಯ ಕ್ಲಾಸಿನ ಕತೆ ಬಂದಾಗ ಯಾರೂ ಅಲುಗಾಡಲಿಲ್ಲ. ದೀಪ ಹಾಕಿದ ಮೇಲೆ ಚರಿತ್ರೆಯ ಪಾಠ ಮಾಡುವ ಟೀಚರು ಎದ್ದು, ಈಗಿನ ಪುಸ್ತಕದಲ್ಲಿ ಏನಿದೆ ಎಂದು ನೀನು ನೋಡಿದ್ದೀಯಾ ಎಂದು ಹುಡುಗಿಯನ್ನು ಕೇಳಿದರು.

"ನೋಡಿದ್ದೀನಿ," ಎಂದಳು. "ಎರಡು ಸಾಲಿದೆ. ಅದರಲ್ಲಿ ಒಂದು ತಪ್ಪು."

ಅವರು ಯಾವುದು ಎಂದು ಕೇಳಿದರು. ಅವಳು ನಿಂತುಕೊಂಡು ವಿವರಿಸಿದಳು. ಟೀಚರು ಮಧ್ಯೆ ಬಾಯಿ ಹಾಕಲಿಲ್ಲ. ವೈಸ್ ಪ್ರಿನ್ಸಿಪಾಲರು ನನ್ನ ಪಕ್ಕ ಬಗ್ಗಿ, ಇಂಗ್ಲಿಷ್ ವಿಷಯದಲ್ಲಿ ಪಾಸಾಗಿದೆ, ಇನ್ನು ಉಳಿದ ಪರೀಕ್ಷೆಗಳಿಗೆ ಬಂದರೆ ಆಯಿತು ಎಂದು ಪಿಸುಗುಟ್ಟಿದರು. ಬರುತ್ತಾಳೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಫಿಲ್ಮು ಮುಗಿದಿತ್ತು. ಅವಳನ್ನು ಶಾಲೆಗೆ ಎಳೆದು ತರಲು ಎಡಿಟ್ ಮಾಡುವಂಥದ್ದು ಇನ್ನು ಏನೂ ಉಳಿದಿರಲಿಲ್ಲ.

ಬೆಲ್ಲು ಹೊಡೆಯಿತು. ಕಾರಿಡಾರಿನಲ್ಲಿ ಮಕ್ಕಳ ಗದ್ದಲ ತುಂಬಿಕೊಂಡಿತು. ಅಜ್ಜ ಎದ್ದು, ಟ್ರಕ್ಕಿನ ಕೀ ತೆಗೆದು, ಮೊಮ್ಮಗಳಿಗೆ ಬಾ ಎಂಬಂತೆ ಬಾಗಿಲ ಕಡೆ ತಲೆ ಆಡಿಸಿದರು.

"ನೀನು ಹೋಗು," ಎಂದಳು ಅವಳು, ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ. "ನನಗೆ ಮ್ಯಾಥ್ಸ್ ಇದೆ."

ಅವಳು ಮಕ್ಕಳ ನಡುವೆ ಸೇರಿ ಮೆಟ್ಟಿಲು ಹತ್ತಿದಳು. ಅಜ್ಜ ಕೀ ಹಿಡಿದುಕೊಂಡು ಕೆಳಗೆ ನಿಂತಿದ್ದರು. ನಾನು ವೈರು ಸುತ್ತಲು ಶುರು ಮಾಡಿದೆ. ನಮ್ಮ ಮನೆಯವರು ಬಂದು ಇನ್ನೊಂದು ತುದಿ ಹಿಡಿದುಕೊಂಡರು.